ಅಲೆಗೆ ಮುಖ ಮಾಡಿ

ಭಾನುವಾರ ಸಂಜೆಯಾದರೆ ಪುಣೆಯ ಜನ ಸಿಂಹಗಡ ರಸ್ತೆ ಹಿಡಿದು ಖಡಕ್‌ವಾಸ್ಲಾಕ್ಕೆ ಹೊರಡುತ್ತಾರೆ. ಅಣೆಕಟ್ಟೆಯ ಹಿನ್ನೀರಿನ ದಂಡೆಗೆ ಇಲ್ಲಿ ‘ಚೌಪಾಟಿ’ ಎಂದೇ ಹೆಸರು. ಕೆಂಡದ ಮೇಲೆ ಸುಟ್ಟು ನಿಂಬೆ, ಉಪ್ಪು, ಖಾರ ತಿಕ್ಕಿದ ಮುಸುಕಿನ ಜೋಳದ ತೆನೆ, ಬಾಣಲೆಯಿಂದ ಆಗಷ್ಟೇ ತೆಗೆದ ಕಾಂದಾ ಭಜಿ, ನೀರಿನ ಕಡೆಯಿಂದ ಬೀಸುವ ಗಾಳಿ. ಚೌಪಾಟಿ ಅನ್ನುವುದು ಮುಂಬಯಿಯ ಕಡಲ ದಂಡೆಯ ಹೆಸರು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಗೆ ಬೆನ್ನು ಕೊಟ್ಟು ಕೂತ ಊರು ಆ ಹೆಸರನ್ನು ತಂದು ತನ್ನ ಕೆರೆಗೆ ಇಟ್ಟುಕೊಂಡಿದೆ. ಹಾಗೆ ಇಟ್ಟುಕೊಂಡದ್ದು ತಪ್ಪೇನಲ್ಲ. ಜನ ಜೋಳ ತಿನ್ನುತ್ತ ನಿಲ್ಲುವ ಜಾಗದಿಂದ ತುಸು ದೂರದಲ್ಲೇ, ಒಂದು ಸರ್ಕಾರಿ ಆವರಣದ ಒಳಗೆ, ದಿನವೂ ಅಲೆ ಏಳುತ್ತದೆ, ಭರತ ಬಂದು ಇಳಿಯುತ್ತದೆ, ಬಂದರುಗಳ ಬಾಯಲ್ಲಿ ಹೂಳು ತುಂಬುತ್ತದೆ.

ಅದು ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ. 1916ರಲ್ಲಿ ಬೊಂಬಾಯಿ ಪ್ರೆಸಿಡೆನ್ಸಿ ಕಾಲುವೆ ನೀರಾವರಿಯ ತೊಡಕು ಬಿಡಿಸಲೆಂದು ತೆರೆದ ಒಂದು ಚಿಕ್ಕ ವಿಭಾಗ, ಕ್ಲಾಡ್ ಇಂಗ್ಲಿಸ್ ಎಂಬ ಎಂಜಿನಿಯರ್ ಕೈಯಲ್ಲಿ ಬೆಳೆದು, ಇಂದು ದೇಶದ ನದಿ, ಅಣೆಕಟ್ಟೆ, ಬಂದರುಗಳೆಲ್ಲ ಒಮ್ಮೆಯಾದರೂ ಬಂದು ಹೋಗುವ ಪರೀಕ್ಷಾಶಾಲೆಯಾಗಿದೆ. ದೊಡ್ಡ ದೊಡ್ಡ ಶೆಡ್ಡುಗಳ ನೆಲದ ಮೇಲೆ ಸಿಮೆಂಟಿನಲ್ಲಿ ಎರಕ ಹೊಯ್ದ ಕರಾವಳಿ. ಮುಂಬಯಿಯ ಕೊಲ್ಲಿಯನ್ನು ಇಲ್ಲಿ ನಡೆದು ದಾಟಬಹುದು. ನವಮಂಗಳೂರಿನ ಬಂದರು, ಕಾರವಾರದ ಸೀಬರ್ಡ್ ನೌಕಾನೆಲೆಯ ಅಲೆತಡೆಗಳು ನಿಜವಾದ ಕಡಲಿಗೆ ಇಳಿಯುವ ಮೊದಲು ಈ ಸಿಹಿನೀರಿನಲ್ಲಿ ಪರೀಕ್ಷೆಗೆ ಕೂತಿದ್ದವು. ಪಣಂಬೂರಿನ ಮರಳ ತೀರದಲ್ಲಿ ಹೊಸ ಬಂದರು ತೆರೆದು 1974ರಲ್ಲಿ ಅದಕ್ಕೆ ದೇಶದ ಪ್ರಮುಖ ಬಂದರೆಂಬ ಸ್ಥಾನ ಸಿಕ್ಕಿತಲ್ಲ, ಅಲ್ಲಿಗೆ ಬರುವ ಹಡಗುಗಳಿಗೆ ನೆಮ್ಮದಿಯ ನೀರು ಎಲ್ಲಿ ಸಿಗುತ್ತದೆ ಎಂಬ ಲೆಕ್ಕದಲ್ಲಿ ಘಟ್ಟದ ಮೇಲಿನ ಈ ಊರಿಗೂ ಪಾಲಿದೆ.

ಖಡಕ್‌ವಾಸ್ಲಾದ ಹೆಸರು ಬಂದಾಗ ಕನ್ನಡಿಗರಾದ ನಾವು ಒಂದು ಗಳಿಗೆ ನಿಲ್ಲಲೇಬೇಕು. ಪುಣೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂರಿಸಿದ್ದು ಈ ಕಟ್ಟೆಯ ಕೋಡಿಯ ಮೇಲೆ, 1903ರಲ್ಲಿ. ಮಳೆಗಾಲದಲ್ಲಿ ಕೋಡಿ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಕಟ್ಟೆಯ ಗೋಡೆ ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ಹಿಡಿದಿಡುವ ಉಪಾಯ ಅದು. ಗೇಟಿಗೆ ಸರಿತೂಕದ ಭಾರ ಕಟ್ಟಿದೆ. ನೀರು ಗೊತ್ತಾದ ಮಟ್ಟ ಮುಟ್ಟಿದಾಗ ನೀರೇ ಆ ತೂಕದ ಸಮತೋಲ ಕದಲಿಸಿ ಗೇಟು ತೆರೆಯುತ್ತದೆ, ಮಟ್ಟ ಇಳಿದರೆ ಗೇಟು ತಾನೇ ಮುಚ್ಚಿಕೊಳ್ಳುತ್ತದೆ. ರಾತ್ರಿಯ ಜಡಿಮಳೆಯಲ್ಲಿ ಲಾಟೀನು ಹಿಡಿದು ಓಡಬೇಕಾದವರಿಲ್ಲ. ಇದೇ ಯೋಚನೆ ಮುಂದೆ ನಮ್ಮ ಕೃಷ್ಣರಾಜಸಾಗರಕ್ಕೂ ಬಂತು. 1961ರ ಜುಲೈ 12ರಂದು ಮೇಲಿನ ಪಾನ್‌ಶೇತ್ ಅಣೆಕಟ್ಟೆ ಒಡೆದು ಬಂದ ನೀರಿಗೆ ಖಡಕ್‌ವಾಸ್ಲಾದ ಹಳೆಯ ಗೋಡೆಯೂ ಬಾಯಿಬಿಟ್ಟಿತು, ಪುಣೆಯ ಹಳೆ ಪೇಟೆಗಳು ಮುಳುಗಿದವು. ಈಗ ನಾವು ನೋಡುವುದು ಆಮೇಲೆ ದುರಸ್ತಿಯಾಗಿ ನಿಂತ ಕಟ್ಟೆಯನ್ನು. ನೀರಿನ ಶಕ್ತಿಯನ್ನು ನೀರಿಗೇ ಕೆಲಸ ಕೊಟ್ಟು ಪಳಗಿಸುವ ಆ ಬುದ್ಧಿ ಮಾತ್ರ ಈ ಕಣಿವೆಯನ್ನು ಬಿಟ್ಟು ಹೋಗಲಿಲ್ಲ.

ಕಡಲನ್ನು ಶೆಡ್ಡಿನೊಳಗೆ ತರುವುದಕ್ಕೆ ಬೇಕಾದ ಮೊದಲ ಸೂತ್ರ ಸಿಕ್ಕಿದ್ದು ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರ್‌ಗೆ. 1870ರ ದಶಕದ ಆರಂಭದಲ್ಲಿ ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ ಅದರಲ್ಲಿ ಪುಟ್ಟ ಹಡಗುಗಳನ್ನು ಎಳೆದು ನೋಡಿದವರು ಅವರು. ಹಡಗನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ವೇಗವನ್ನೂ ನೂರರಲ್ಲಿ ಒಂದಕ್ಕೆ ಇಳಿಸಬೇಕು ಎಂದು ನಮಗೆ ತೋರುತ್ತದೆ. ಹಾಗಲ್ಲ, ಹತ್ತರಲ್ಲಿ ಒಂದಕ್ಕೆ ಇಳಿಸಬೇಕು, ಅಂದರೆ ನೂರರ ವರ್ಗಮೂಲಕ್ಕೆ. ಅಲೆಯನ್ನು ಕೆಳಕ್ಕೆಳೆಯುವುದು ಭೂಮಿಯ ಗುರುತ್ವ, ಅದನ್ನು ನಾವು ಚಿಕ್ಕದು ಮಾಡಲಾರೆವು. ಆದ್ದರಿಂದ ಕಾಲ ತಾನೇ ಕುಗ್ಗಿಕೊಳ್ಳುತ್ತದೆ. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಹತ್ತು ಸೆಕೆಂಡಿಗೊಂದು ಬರುವ ಅಲೆಯ ಉದ್ದ ಆಳದ ನೀರಿನಲ್ಲಿ ಸುಮಾರು 156 ಮೀಟರ್. ಮಾದರಿಯಲ್ಲಿ ಅದು ಸೆಕೆಂಡಿಗೊಂದರಂತೆ ಬರಬೇಕು. ಸೆಕೆಂಡಿಗೊಂದು ಬರುವ ಅಲೆಯ ಉದ್ದವನ್ನು ಬೇರೆಯಾಗಿ ಅಳೆದು ನೋಡಿ, 1.56 ಮೀಟರ್ ಸಿಗುತ್ತದೆ. ನೀರು ನಮ್ಮ ಲೆಕ್ಕವನ್ನು ಒಪ್ಪಿಕೊಂಡಿತು ಎಂದರ್ಥ. ಮೂರು ಮೀಟರ್ ಎತ್ತರದ ತೆರೆ ಇಲ್ಲಿ ಮೂರು ಸೆಂಟಿಮೀಟರ್. ನೋಡುವವರಿಗೆ ತೊಟ್ಟಿಯ ತುಳುಕು, ಅಳೆಯುವವರಿಗೆ ಬಿರುಗಾಳಿಯ ಕಡಲು.

ಭರತ ಇಳಿತದ ಮಾದರಿಗಳಲ್ಲಿ ಇನ್ನೊಂದು ಜಾಣತನ ಬೇಕು. ಹತ್ತಾರು ಕಿಲೋಮೀಟರ್ ಅಗಲದ ಕೊಲ್ಲಿಯನ್ನು ಒಂದೇ ಅನುಪಾತದಲ್ಲಿ ಕುಗ್ಗಿಸಿದರೆ ನೀರಿನ ಆಳ ತೆಳು ಪದರವಾಗಿ ಹೋಗುತ್ತದೆ. ಅಷ್ಟು ತೆಳುವಾದ ನೀರಿನಲ್ಲಿ ನೀರಿನ ಸ್ನಿಗ್ಧತೆ, ಮೇಲ್ಮೈ ಬಿಗಿತಗಳ ಹಿಡಿತ ಹೆಚ್ಚುತ್ತದೆ, ಅದು ಕಡಲಿನ ಹಾಗೆ ನಡೆದುಕೊಳ್ಳುವುದಿಲ್ಲ. ಅದಕ್ಕೆ ಉದ್ದಗಲವನ್ನು 400ರಲ್ಲಿ ಒಂದಕ್ಕೆ ಇಳಿಸಿ, ಆಳವನ್ನು 80ರಲ್ಲಿ ಒಂದಕ್ಕೆ ಮಾತ್ರ ಇಳಿಸುವಂಥ ಏರ್ಪಾಡು ಮಾಡುತ್ತಾರೆ. ಬೆಟ್ಟ ಕಣಿವೆಗಳೆಲ್ಲ ಐದು ಪಟ್ಟು ಕಡಿದಾಗಿ ಕಾಣುವ ವಿಚಿತ್ರ ಕಡಲು ಅದು. ಅಂಥ ಮಾದರಿಯಲ್ಲಿ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಒಂದು ಭರತ ಇಳಿತ ಸುಮಾರು 17 ನಿಮಿಷಕ್ಕೆ ಮುಗಿಯುತ್ತದೆ. ವರ್ಷದ ಉಬ್ಬರವಿಳಿತಗಳೆಲ್ಲ ಎಂಟು ದಿನದಲ್ಲಿ ಆಗಿಹೋಗುತ್ತವೆ. ಬಂದರಿನ ಬಾಯಿಗೆ ಒಂದು ಗೋಡೆ ಹೆಚ್ಚು ಕಟ್ಟಿದರೆ ಸೆಳೆತ ಎತ್ತ ತಿರುಗುತ್ತದೆ ಎಂಬುದನ್ನು ಬೆಳಗಿನ ಚಹಾಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ ಹತ್ತು ಸಲ ನೋಡಬಹುದು.

ಅಲೆತಡೆಯ ಕಲ್ಲುಗಳ ಲೆಕ್ಕ ಇನ್ನೂ ಸೊಗಸು. ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ನಾಲ್ಕು ಕಾಲು ಚಾಚಿಕೊಂಡು ಒಂದರ ಮೇಲೊಂದು ಬಿದ್ದಿರುವ ಸಿಮೆಂಟಿನ ದಿಮ್ಮಿಗಳನ್ನು ನೀವು ನೋಡಿರುತ್ತೀರಿ. ಟೆಟ್ರಾಪಾಡ್ ಎಂದು ಅದರ ಹೆಸರು. 1950ರಲ್ಲಿ ಅದನ್ನು ರೂಪಿಸಿದ್ದು ಫ್ರಾನ್ಸಿನ ಗ್ರೆನೋಬ್ಲ್ ನಗರದ ಪ್ರಯೋಗಶಾಲೆಯಲ್ಲಿ. ಗ್ರೆನೋಬ್ಲ್ ಕೂಡ ಪುಣೆಯಂತೆ ಕಡಲಿಲ್ಲದ ಊರು, ಆಲ್ಪ್ಸ್ ಪರ್ವತಗಳ ನಡುವೆ ಇದೆ. ನುಣುಪು ಗೋಡೆಗೆ ಅಲೆ ಬಡಿದು ಹಿಂದಿರುಗಿದರೆ ಅದರ ಬಲ ಹಾಗೇ ಉಳಿದಿರುತ್ತದೆ. ಈ ದಿಮ್ಮಿಗಳ ಸಂದುಗೊಂದುಗಳಲ್ಲಿ ನುಗ್ಗಿದ ನೀರು ತನ್ನೊಳಗೇ ತಿಕ್ಕಾಡಿ ಸುಸ್ತಾಗುತ್ತದೆ. ಕಾಲಿಗೆ ಕಾಲು ಹೆಣೆದುಕೊಂಡಿರುವುದರಿಂದ ಒಂದನ್ನು ಕೀಳಬೇಕಾದರೆ ಅಲೆ ಪಕ್ಕದವನ್ನೂ ಅಲುಗಾಡಿಸಬೇಕು. ಇಪ್ಪತ್ತು ಟನ್ ತೂಗುವ ದಿಮ್ಮಿ ನೂರರಲ್ಲಿ ಒಂದರ ಮಾದರಿಯಲ್ಲಿ ಎಷ್ಟು ತೂಗಬೇಕು? ಉದ್ದ, ಅಗಲ, ಎತ್ತರ ಮೂರೂ ನೂರು ಪಾಲು ಕುಗ್ಗುವುದರಿಂದ ತೂಕ ಹತ್ತು ಲಕ್ಷದಲ್ಲಿ ಒಂದು ಪಾಲಾಗುತ್ತದೆ, ಅಂದರೆ 20 ಗ್ರಾಂ. ಅಂಗೈಯಲ್ಲಿಟ್ಟರೆ ಇದ್ದದ್ದೇ ಗೊತ್ತಾಗದಷ್ಟು ಹಗುರ. ಕಡಲು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಸಾಂದ್ರವಾದ್ದರಿಂದ ಅಷ್ಟನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳುತ್ತಾರೆ.

ಈ ಲೆಕ್ಕ ಸೋಲುವುದು ಮರಳಿನ ಹತ್ತಿರ. ದಂಡೆಯ ಮರಳಿನ ಕಣ 0.2 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ನೂರನೆಯ ಪಾಲು ಮರಳಾಗಿ ಉಳಿಯುವುದಿಲ್ಲ, ಜೇಡಿಯಾಗುತ್ತದೆ. ಜೇಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಮರಳಿನಂತೆ ಉರುಳುವುದಿಲ್ಲ. ಅದಕ್ಕೆ ಜಲ ಪ್ರಯೋಗಶಾಲೆಗಳಲ್ಲಿ ಕಲ್ಲಿದ್ದಲ ಪುಡಿ, ಬೇಕಲೈಟ್ ಚೂರು, ಅಕ್ರೋಟಿನ ಚಿಪ್ಪಿನ ಪುಡಿ ಮುಂತಾದ ಹಗುರ ವಸ್ತುಗಳನ್ನು ಮರಳಿನ ಬದಲಿಗೆ ಸುರಿದು ನೋಡುವ ರೂಢಿ ಬಂತು. ಅವು ಮರಳನ್ನು ಹೋಲುತ್ತವೆ, ಮರಳೇ ಅಲ್ಲ. ಕಂಪ್ಯೂಟರಿನ ಲೆಕ್ಕ ಬಂದ ಮೇಲೂ ಮರಳು ಪೂರ್ತಿ ಕೈಗೆ ಸಿಕ್ಕಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈಗ ಘಟ್ಟ ಇಳಿಯೋಣ.

ಪುಣೆಯಿಂದ ತಾಮ್ಹಿಣಿ ಘಾಟಿ ಇಳಿದು ಮಾಣಗಾಂವ್ ದಾಟಿ ಸುಮಾರು 200 ಕಿಲೋಮೀಟರ್ ಹೋದರೆ ರತ್ನಾಗಿರಿ ಜಿಲ್ಲೆಯ ವೇಳಾಸ್ ಸಿಗುತ್ತದೆ. ಪೇಶ್ವೆಗಳ ಮಂತ್ರಿ ನಾನಾ ಫಡಣವೀಸರ ಮನೆತನದ ಮೂಲ ಊರು, ಸಾವಿತ್ರಿ ನದಿಯ ಅಳಿವೆಗೆ ಹತ್ತಿರ. ಅಡಕೆ ತೆಂಗಿನ ತೋಟ, ಕೆಂಪು ಕಲ್ಲಿನ ಪಾಗಾರ, ಹಂಚಿನ ಮನೆ. ಕುಮಟಾ ಹೊನ್ನಾವರದ ಕಡೆಯವರಿಗೆ ಇಲ್ಲಿ ಮಾತಾಡುವ ಭಾಷೆಯೊಂದು ಬಿಟ್ಟರೆ ಬೇರೇನೂ ಹೊಸದಲ್ಲ. ಇಲ್ಲಿನ ದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊದಲೆಲ್ಲ ಆ ಮೊಟ್ಟೆಗಳು ಮನುಷ್ಯರ ಪಾಲೋ ನಾಯಿನರಿಗಳ ಪಾಲೋ ಆಗುತ್ತಿದ್ದವು. 2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಊರವರನ್ನು ಜೊತೆ ಮಾಡಿಕೊಂಡು ಮೊಟ್ಟೆ ಕಾಯಲು ತೊಡಗಿದರು. ರಾತ್ರಿ ದಂಡೆಯಲ್ಲಿ ನಡೆದು ಗೂಡು ಹುಡುಕಿ, ಮೊಟ್ಟೆಗಳನ್ನು ಬಲೆ ಕಟ್ಟಿದ ಆವರಣಕ್ಕೆ ತಂದು, ತಾಯಿ ತೋಡಿದ ಆಳಕ್ಕೇ ಹೂಳುತ್ತಾರೆ. ಮರಿ ಹೊರಬಂದಾಗ ದಂಡೆಗೆ ಬಿಡುತ್ತಾರೆ. ಅದನ್ನು ನೋಡಲು ಬರುವವರಿಗಾಗಿ ನಡೆಯುವ ‘ಕಾಸವ ಮಹೋತ್ಸವ’ ಈಗ ಪುಣೆ ಮುಂಬಯಿಗಳಲ್ಲಿ ಮನೆಮಾತು. ಉಳಿಯುವುದು ಊರಿನವರ ಮನೆಗಳಲ್ಲಿ, ಊಟ ಅವರ ಪಡಸಾಲೆಯಲ್ಲಿ. ಆಮೆ ಉಳಿದರೆ ಮನೆಗೆ ನಾಲ್ಕು ಕಾಸು ಬರುತ್ತದೆ ಎಂಬ ಏರ್ಪಾಡು ಎಷ್ಟೋ ಕಾಯ್ದೆಗಳಿಂದ ಆಗದ ಕೆಲಸ ಮಾಡಿದೆ.

ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ನಲವತ್ತೈದರಿಂದ ಅರವತ್ತು ದಿನ ಮರಳಿನ ಶಾಖವೇ ಅವಕ್ಕೆ ಕಾವು. ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದೂ ಆ ಶಾಖವೇ: ಮರಳು ಬೆಚ್ಚಗಿದ್ದರೆ ಹೆಣ್ಣು ಹೆಚ್ಚು, ತಂಪಾಗಿದ್ದರೆ ಗಂಡು ಹೆಚ್ಚು. ಗೂಡಿನ ಮೇಲೆ ಮುಚ್ಚಿದ ಬುಟ್ಟಿ ಎತ್ತಿದಾಗ ಕಾಣುವುದು ನಾಲ್ಕು ಸೆಂಟಿಮೀಟರ್ ಉದ್ದದ ಬೂದುಗಪ್ಪು ಜೀವ. ತೂಕ ಹದಿನೈದರಿಂದ ಇಪ್ಪತ್ತು ಗ್ರಾಂ. ಖಡಕ್‌ವಾಸ್ಲಾದ ಲೆಕ್ಕದಲ್ಲಿ ಇಪ್ಪತ್ತು ಟನ್ನಿನ ದಿಮ್ಮಿಗೆ ಬಂದ ತೂಕವೂ ಹೆಚ್ಚುಕಡಿಮೆ ಇಷ್ಟೇ. ಆ ದಿಮ್ಮಿ ಅಲೆಯ ಎದುರು ಜಗ್ಗದೆ ನಿಲ್ಲಬೇಕು. ಈ ಮರಿ ಅಲೆಯನ್ನು ಸೀಳಿಕೊಂಡು ಹೋಗಬೇಕು. ತಾಯಿ ಜೊತೆಗಿಲ್ಲ, ದಾರಿ ತೋರಿಸುವವರಿಲ್ಲ.

ದಂಡೆಯ ಮೇಲೆ ಅದಕ್ಕೆ ಬೆಳಕೇ ದಾರಿ. ತಗ್ಗಿನ ದಿಗಂತದಲ್ಲಿ ಎಲ್ಲಿ ಹೆಚ್ಚು ಬೆಳಕಿದೆಯೋ ಅತ್ತ ತೆವಳುತ್ತದೆ, ಸಹಜವಾದ ದಂಡೆಯಲ್ಲಿ ಅದು ಕಡಲ ಕಡೆಯೇ. ನೀರಿಗೆ ಬಿದ್ದ ಮೇಲೆ ಬೆಳಕು ನೆರವಿಗೆ ಬರುವುದಿಲ್ಲ. ಆಗ ಯಾವುದನ್ನು ನಂಬಿ ಈಜುತ್ತದೆ? 1980ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮೈಕೆಲ್ ಸಾಲ್ಮನ್ ಮತ್ತು ಕೆನೆತ್ ಲೋಮನ್ ಎಂಬ ವಿಜ್ಞಾನಿಗಳು ಇದನ್ನು ತಿಳಿಯಲು ಮಾಡಿದ ಕೆಲಸ ಖಡಕ್‌ವಾಸ್ಲಾದವರು ಮೆಚ್ಚುವಂಥದ್ದು: ಆಮೆಮರಿಯನ್ನು ಅಲೆಯ ತೊಟ್ಟಿಗೆ ಬಿಟ್ಟರು. ಅವರು ಪರೀಕ್ಷಿಸಿದ್ದು ಲಾಗರ್‌ಹೆಡ್ ಎಂಬ ಜಾತಿಯ ಮರಿಗಳನ್ನು. ಯಂತ್ರ ಅಲೆ ಎಬ್ಬಿಸಿದರೆ ಕತ್ತಲಲ್ಲೂ ಮರಿಗಳು ಅಲೆಗೆ ಮುಖ ಮಾಡಿ ಈಜಿದವು. ತೆರೆದ ಕಡಲಲ್ಲಿ ಮರಿಗಳಿಗೆ ದಾರ ಕಟ್ಟಿ ತೇಲುಬಿಟ್ಟು ನೋಡಿದಾಗಲೂ ಅದೇ. ಗಾಳಿ ಮಗುಚಿ ಅಲೆಗಳು ನೆಲದ ಕಡೆಯಿಂದ ಬರುತ್ತಿದ್ದ ಅಪರೂಪದ ದಿನಗಳಲ್ಲಿ ಮರಿಗಳು ಅಲೆಗೆ ಎದುರಾಗಿ ನೆಲದ ಕಡೆಗೇ ಈಜಿದವು.

ಮುಳುಗಿ ಈಜುವ ಮರಿಗೆ ಅಲೆ ಕಾಣುವುದಿಲ್ಲ, ಮೈಗೆ ತಿಳಿಯುತ್ತದೆ. ಅಲೆ ಸಾಗುವಾಗ ನೀರು ಮುಂದಕ್ಕೆ ಹರಿದುಹೋಗುವುದಿಲ್ಲ, ಇದ್ದಲ್ಲೇ ದುಂಡಗೆ ಸುತ್ತುತ್ತದೆ. ಎದುರಿನಿಂದ ಅಲೆ ಬಂದರೆ ಮರಿಯ ಮೈ ಮೇಲೆ, ಹಿಂದೆ, ಕೆಳಗೆ, ಮುಂದೆ ಎಂಬ ಕ್ರಮದಲ್ಲಿ ತೂಗುತ್ತದೆ. ಹಿಂದಿನಿಂದ ಬಂದರೆ ಮೇಲೆ, ಮುಂದೆ, ಕೆಳಗೆ, ಹಿಂದೆ. ಬದಿಯಿಂದ ಬಂದರೆ ಈ ತೂಗು ಎಡಬಲಕ್ಕೆ. ಇಷ್ಟು ವ್ಯತ್ಯಾಸ ಅದಕ್ಕೆ ಸಾಕು. ಇದನ್ನು ಸಾಧಿಸಿ ತೋರಿಸಲು ಲೋಮನ್ ತಂಡ 1990ರ ದಶಕದಲ್ಲಿ ಮರಿಯನ್ನು ನೀರಿನಿಂದಲೇ ಹೊರತೆಗೆದು, ಪಟ್ಟಿ ಕಟ್ಟಿ, ಗಾಳಿಯಲ್ಲಿ ತೂಗುಹಾಕಿ, ಯಂತ್ರದಿಂದ ಅದೇ ಕ್ರಮದಲ್ಲಿ ತೂಗಿತು. ಬಲದಿಂದ ಅಲೆ ಬಂದಂತೆ ತೂಗಿದರೆ ಮರಿ ಬಲಕ್ಕೆ ತಿರುಗುವಂತೆ ಕಾಲು ಬಡಿಯಿತು, ಎಡದಿಂದ ಬಂದಂತೆ ತೂಗಿದರೆ ಎಡಕ್ಕೆ. ಕಣ್ಣೆದುರು ನೀರಿಲ್ಲ, ಮೈಗೆ ನೀರಿಲ್ಲ, ಆದರೂ ಅಲೆ ಎತ್ತಣದ್ದೆಂದು ಅದಕ್ಕೆ ಗೊತ್ತು. ಆಗಷ್ಟೇ ಗೂಡಿನಿಂದ ಹೊರಬಂದ ಜೀವಕ್ಕೆ ಇಷ್ಟು ನಿಖರವಾದ ಅರಿವು ಇದೆಯೆಂಬುದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಅಲೆಗೆ ಎದುರಾದರೆ ದಂಡೆಯಿಂದ ದೂರ ಹೋಗುತ್ತೇವೆ ಎಂಬುದು ಯಾಕೆ ನಿಜ? ಗಾಳಿ ಯಾವ ದಿಕ್ಕಿಂದಲಾದರೂ ಬೀಸಬಹುದಲ್ಲ? ಇಲ್ಲಿ ಎಂಜಿನಿಯರನೂ ಆಮೆಯೂ ಒಂದೇ ಪಾಠ ಓದುತ್ತಾರೆ. ಕಡಲು ಆಳವಿದ್ದಷ್ಟೂ ಅಲೆಗೆ ವೇಗ ಹೆಚ್ಚು. ನಮ್ಮ ಹತ್ತು ಸೆಕೆಂಡಿನ ಅಲೆ ಆಳದಲ್ಲಿ ಗಂಟೆಗೆ 56 ಕಿಲೋಮೀಟರ್ ಓಡುತ್ತದೆ. ಎರಡೂವರೆ ಮೀಟರ್ ಆಳಕ್ಕೆ ಬರುವಾಗ 18ಕ್ಕೆ ಇಳಿದಿರುತ್ತದೆ. ಓರೆಯಾಗಿ ಬರುವ ಅಲೆಯ ಒಂದು ತುದಿ ಮೊದಲು ಆಳ ಕಡಿಮೆಯಿರುವಲ್ಲಿಗೆ ಬಂದು ನಿಧಾನವಾಗುತ್ತದೆ, ಇನ್ನೊಂದು ತುದಿ ವೇಗವಾಗಿ ಬಂದು ಅದನ್ನು ಕೂಡಿಕೊಳ್ಳುತ್ತದೆ. ಸಾಲಾಗಿ ನಡೆಯುವ ಮಕ್ಕಳಲ್ಲಿ ಒಂದು ಬದಿಯವರು ಕೆಸರಿಗೆ ಸಿಕ್ಕಿ ನಿಧಾನವಾದರೆ ಇಡೀ ಸಾಲು ಆ ಕಡೆ ತಿರುಗುವ ಹಾಗೆ. ಹೀಗೆ ಎತ್ತಲಿಂದ ಹೊರಟ ಅಲೆಯೂ ದಂಡೆ ಹತ್ತಿರವಾದಂತೆ ದಂಡೆಗೆ ನೇರವಾಗುತ್ತ ಬರುತ್ತದೆ. ಆಮೆಯ ಮರಿ ನಂಬಿದ್ದು ಈ ಬಾಗುವಿಕೆಯನ್ನೇ.

ಆದರೆ ಅಲೆ ಪೂರ್ತಿ ನೇರವಾಗುವುದಿಲ್ಲ, ತುಸು ಓರೆ ಉಳಿಯುತ್ತದೆ. ಆ ಓರೆಯೇ ಮರಳಿನ ಕಾಲು. ಒಡೆದ ಅಲೆ ಮರಳನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ಇಳಿಯುವ ನೀರು ನೇರ ಕೆಳಕ್ಕೆ ಎಳೆಯುತ್ತದೆ. ಪ್ರತಿ ಅಲೆಗೆ ಒಂದು ಹೆಜ್ಜೆ. ದಂಡೆ ನಿಂತ ಜಾಗ ಎಂದು ನಾವು ತಿಳಿದಿದ್ದೇವೆ, ಅದು ದಂಡೆಯುದ್ದಕ್ಕೂ ನಡೆಯುವ ಮರಳಿನ ಹೊಳೆ. ಅದಕ್ಕೆ ಅಡ್ಡ ಒಂದು ಗೋಡೆ ಕಟ್ಟಿದರೆ ಒಂದು ಬದಿಗೆ ಮರಳು ಕೂಡುತ್ತದೆ, ಇನ್ನೊಂದು ಬದಿಗೆ ಬರಬೇಕಾದದ್ದು ಬರುವುದಿಲ್ಲ. ಕರಾವಳಿಯ ಜನ ಇದನ್ನು ಕಡಲ್ಕೊರೆತ ಅನ್ನುತ್ತಾರೆ. ನೇತ್ರಾವತಿ ಗುರುಪುರ ನದಿಗಳ ಅಳಿವೆಗೆ ಅಲೆತಡೆ ಕಟ್ಟಿದ ಮೇಲೆ ಉಳ್ಳಾಲದಲ್ಲಿ ಮಳೆಗಾಲವೆಂದರೆ ಮನೆ, ತೆಂಗು, ರಸ್ತೆ ಕಡಲಿಗೆ ಬೀಳುವ ಕಾಲವಾಯಿತು. ಕಡೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದಂಡೆಯಿಂದಾಚೆ ನೀರಿನಡಿ ಮರಳಚೀಲಗಳ ದಿಬ್ಬ ಹಾಕಬೇಕಾಯಿತು. ಖಡಕ್‌ವಾಸ್ಲಾದಂಥ ಶಾಲೆಗಳು ಬೇಕಾಗಿರುವುದು ಇದಕ್ಕೇ. ಆದರೆ ಹಗುರ ಪುಡಿಯಲ್ಲಿ ಕಂಡ ಉತ್ತರವನ್ನು ನಿಜವಾದ ಮರಳಿನ ಮೇಲೆ ಹೊರಿಸುವಾಗ ಎಷ್ಟು ಎಚ್ಚರ ಇರಬೇಕು ಎಂಬುದೂ ಅಲ್ಲೇ ಕಲಿಯಬೇಕಾದ ಪಾಠ.

ಆಮೆಗೆ ಈ ಮರಳು ಬೇಕು. ಕಡಲಾಮೆ ತಾನು ಹುಟ್ಟಿದ ಸೀಮೆಯ ದಂಡೆಗೇ, ಭೂಮಿಯ ಕಾಂತಕ್ಷೇತ್ರದ ಗುರುತು ಹಿಡಿದು ಮೊಟ್ಟೆಯಿಡಲು ಮರಳುತ್ತದೆ ಎಂದು ಲೋಮನ್ ಮೊದಲಾದವರ ಅಧ್ಯಯನಗಳು ಹೇಳುತ್ತವೆ. ಕೊಂಕಣದ ಆಮೆಗಳ ಓಡಾಟ ನಮಗೆ ಗೊತ್ತಾಗತೊಡಗಿದ್ದು ಈಚೆಗೆ. 2022ರ ಜನವರಿಯಲ್ಲಿ ವೇಳಾಸದಲ್ಲಿ ಒಂದು ಆಮೆಯ ಚಿಪ್ಪಿಗೆ ಉಪಗ್ರಹ ಸಾಧನ ಅಂಟಿಸಿ ‘ಪ್ರಥಮಾ’ ಎಂದು ಹೆಸರಿಟ್ಟರು. ಮರುವರ್ಷ ಅದೇ ಜಿಲ್ಲೆಯ ಗುಹಾಗರದಿಂದ ಅಂಥದೇ ಸಾಧನ ಹೊತ್ತು ಹೊರಟ ‘ಬಾಗೇಶ್ರೀ’ ನಮ್ಮ ಕರಾವಳಿಯ ಎದುರಿಗೇ ಹಾದು, ಕೇರಳ ಶ್ರೀಲಂಕಾ ಬಳಸಿ ಬಂಗಾಳ ಕೊಲ್ಲಿ ಸೇರಿದಳು. ಒಡಿಶಾದಲ್ಲಿ 2021ರಲ್ಲಿ 03233 ಎಂಬ ಬಿಲ್ಲೆ ತೊಡಿಸಿಕೊಂಡ ಆಮೆಯೊಂದು 2025ರಲ್ಲಿ ಗುಹಾಗರದ ದಂಡೆ ಹತ್ತಿ ಮೊಟ್ಟೆಯಿಟ್ಟಿತು. ಪೂರ್ವದ ಆಮೆ ಬೇರೆ, ಪಶ್ಚಿಮದ ಆಮೆ ಬೇರೆ ಎಂಬ ನಮ್ಮ ಎಣಿಕೆಯನ್ನು ಈ ಒಂದು ಬಿಲ್ಲೆ ಅಲುಗಿಸಿದೆ.

ಕನ್ನಡದ ಕರಾವಳಿಯಲ್ಲೂ ಈ ಆಮೆಗಳಿವೆ. ಕಾರವಾರದ ದಂಡೆಗಳಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಅವು ಮೊಟ್ಟೆಯಿಡುತ್ತವೆ. 2024ರಲ್ಲಿ ಮಂಗಳೂರಿನ ಬಳಿ ಸಸಿಹಿತ್ಲು ದಂಡೆಯಲ್ಲೂ ಗೂಡುಗಳು ಸಿಕ್ಕು, ಅರಣ್ಯ ಇಲಾಖೆ ಅವನ್ನು ಕಾಯಿತು. ಟೊಂಕದಲ್ಲಿ ಬಂದರು ಕಟ್ಟುವ ಯೋಜನೆಯೂ ಇದೆ, ಅದನ್ನು ಅಲ್ಲಿನ ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ನನ್ನ ಮಟ್ಟಿಗೆ ಅವರ ವಾದ ಸರಿ. ಮರಳು ನಡೆದು ಬರುವ ದಂಡೆಯಲ್ಲಿ ಗೋಡೆಯ ಜಾಗ ಗೊತ್ತು ಮಾಡುವಾಗ ಹಡಗಿನ ನೆಮ್ಮದಿಯನ್ನು ಅಳೆದಷ್ಟೇ ಶ್ರದ್ಧೆಯಿಂದ ಪಕ್ಕದ ದಂಡೆಯ ಮರಳನ್ನೂ, ಆ ಮರಳಿನೊಳಗಿನ ಗೂಡುಗಳನ್ನೂ ಅಳೆಯಬೇಕು. ನೂರರಲ್ಲಿ ಒಂದರ ಮಾದರಿಯಲ್ಲಿ ಆಮೆಯ ಗೂಡು ಒಂದು ಕಾಳಿನಷ್ಟಿರುತ್ತದೆ. ಅಷ್ಟು ಸಣ್ಣ ಚುಕ್ಕೆಯನ್ನೂ ಗುರುತು ಮಾಡಿಕೊಂಡೇ ಅಲೆ ಎಬ್ಬಿಸಬಹುದು.

ಪುಣೆಗೆ ಬಂದರೆ ಶನಿವಾರವಾಡೆ ನೋಡಿದ ಮೇಲೆ ಎರಡು ದಿನ ಉಳಿಸಿಕೊಳ್ಳಿ. ಮಕ್ಕಳು ಎಂಜಿನಿಯರಿಂಗ್ ಓದುತ್ತಿದ್ದರೆ ಕಾಲೇಜಿನ ಮೂಲಕ ಮೊದಲೇ ಬರೆದು ಕೇಳಿ, ಅನುಮತಿ ಸಿಕ್ಕರೆ ಖಡಕ್‌ವಾಸ್ಲಾದ ಅಲೆಗಳನ್ನು ತೋರಿಸಿ. ಮಾರ್ಚಿನಲ್ಲೋ ಏಪ್ರಿಲ್ ಮೊದಲಲ್ಲೋ ವೇಳಾಸಕ್ಕೆ ಇಳಿಯಿರಿ. ಮರಿ ಬಿಡುವುದು ಬೆಳಿಗ್ಗೆ ಮತ್ತು ಸಂಜೆ. ಗೂಡು ಒಡೆಯದ ದಿನ ಮರಿ ಇರುವುದಿಲ್ಲ, ಆಗ ಊರವರನ್ನು ಗದರಬೇಡಿ, ಇನ್ನೊಂದು ರಾತ್ರಿ ಅಲ್ಲೇ ಉಳಿಯಿರಿ. ಕಟ್ಟಿದ ಹಗ್ಗದ ಹಿಂದೆ ನಿಲ್ಲಿ, ಮರಿಯನ್ನು ಕೈಗೆತ್ತಿಕೊಳ್ಳಬೇಡಿ, ಮೊಬೈಲಿನ ದೀಪವನ್ನು ಜೇಬಿನಿಂದ ತೆಗೆಯಬೇಡಿ. ನೀರು ಮುಟ್ಟುವ ತನಕ ಅದು ನಂಬಿರುವುದು ಬೆಳಕನ್ನು ಮಾತ್ರ.